ದಕ್ಕೆಗೆ ರಜೆ ಬೀಳುವ ಮೊದಲು ಮೀನಿನ ಬಾಕಿ

ಇನ್ನು ಕೆಲವೇ ದಿನ. ಜೂನ್ 1ರಿಂದ ಜುಲೈ 31ರವರೆಗೆ, ಲೆಕ್ಕ ಹಾಕಿದರೆ 61 ದಿನ, ನಮ್ಮ ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವ ಹಾಗಿಲ್ಲ. ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ಒಂದರ ಪಕ್ಕ ಒಂದು ಹಗ್ಗ ಕಟ್ಟಿಕೊಂಡು ನಿಲ್ಲುತ್ತವೆ. ಇತ್ತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳಲ್ಲಿ "ಎಂಥದ್ದು ಮಾರಾಯ್ರೆ, ಬಂಗುಡೆಗೆ ಇಷ್ಟು ರೇಟಾ?" ಎಂಬ ಮಾತು ಶುರುವಾಗುತ್ತದೆ. ಪ್ರತಿ ವರ್ಷದ ಮಾತು ಇದು. ಅದರ ಜೊತೆಗೆ ಪ್ರತಿ ವರ್ಷವೂ ಇರುವ ಇನ್ನೊಂದು ವಿಷಯವನ್ನು ಯಾರೂ ಜೋರಾಗಿ ಹೇಳುವುದಿಲ್ಲ: ಮೀನಿನವನ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಬರೆದಿಟ್ಟ ಬಾಕಿ.

ಆ ಬಾಕಿಯ ಬಗ್ಗೆಯೇ ಈ ವಾರ ಬರೆಯುತ್ತಿದ್ದೇವೆ. ಆದರೆ ಅದು ಅರ್ಥವಾಗಬೇಕಾದರೆ ಮೊದಲು ಒಂದು ಸಲ ದಕ್ಕೆಗೆ ಹೋಗಿ ಬರಬೇಕು.

ಈ ನಾಲ್ಕು ತಾಲೂಕಿನಲ್ಲಿ ನಾವು ಬಹಳ ಮಂದಿ ಇಲ್ಲ. ಇರುವವರಲ್ಲಿ ಹೆಚ್ಚಿನವರು ಒಂದು ತಲೆಮಾರು ಅಥವಾ ಎರಡು ತಲೆಮಾರು ಹಿಂದೆ ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದವರ ಮಕ್ಕಳು. ಬ್ಯಾರಿ ಎಂಬ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂದದ್ದೆಂದು ಹಿರಿಯರು ಹೇಳುವುದುಂಟು. ಹಾಗಿದ್ದರೂ ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮೀನು ಎಂದರೆ ಬಿಳಿ ಥರ್ಮಾಕೋಲ್ ಪೆಟ್ಟಿಗೆಯಿಂದ ಹೊರಗೆ ಬರುವ ವಸ್ತು. ರಜೆಯಲ್ಲಿ ಅಜ್ಜಿ ಮನೆಗೆ ಹೋದಾಗಲೂ ಸಿಟಿ ಸೆಂಟರ್ ನೋಡುತ್ತಾರೆ, ಪಣಂಬೂರು ಬೀಚ್ ನೋಡುತ್ತಾರೆ. ದಕ್ಕೆಯ ಕಡೆ ಕರೆದುಕೊಂಡು ಹೋಗುವವರು ಕಡಿಮೆ. ವಾಸನೆ ಅಂತ ಹೇಳಿ ಬಿಡ್ತಾರೆ.

ನೇತ್ರಾವತಿಯೂ ಗುರುಪುರ ಹೊಳೆಯೂ ಸಮುದ್ರಕ್ಕೆ ಸೇರುವ ಅಳಿವೆಯ ಒಳಗಡೆ ಹಳೆ ಬಂದರು ಇದೆ. ಸಮುದ್ರಕ್ಕೂ ಬಂದರಿಗೂ ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿಯೇ ಬೆಂಗ್ರೆ. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದ ಮೇಲೆ ದೊಡ್ಡ ಹಡಗುಗಳೆಲ್ಲ ಅತ್ತ ಹೋದವು. ಹಳೆ ಬಂದರಿಗೆ ಉಳಿದದ್ದು ಮೀನು, ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು, ಅಕ್ಕಿ ಮೆಣಸಿನ ಸಗಟು ಅಂಗಡಿಗಳು. ಇಷ್ಟರಿಂದಲೇ ಬಂದರು ಇಂದಿಗೂ ನಡೆಯುತ್ತಿದೆ. ದ್ವೀಪದವರಿಗೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲವೂ ಇಲ್ಲಿಂದ ಮಂಜಿ ಹತ್ತುತ್ತದೆ. ಆ ಮೂಟೆಯಲ್ಲಿರುವ ಈರುಳ್ಳಿ ಘಟ್ಟದ ಮೇಲಿನ ಯಾವ ತಾಲೂಕಿನದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬೆನ್ನ ಮೇಲೆ ಎಷ್ಟು ಭಾರ ಎಂಬುದೇ ಮುಖ್ಯ. ಮೀನಿನ ಬೋಟಿಗಿಂತ ಮೊದಲೇ, ಮೇ ಮಧ್ಯಕ್ಕೇ, ಮಂಜಿಗಳ ಓಡಾಟ ನಿಂತುಬಿಡುತ್ತದೆ. ಮತ್ತೆ ಹೊರಡುವುದು ಸೆಪ್ಟೆಂಬರ್ ಮಧ್ಯದಲ್ಲಿ. ಅಂದರೆ ನಾಲ್ಕು ತಿಂಗಳು.

ದಕ್ಕೆಗೆ ಬೆಳಗಾಗುವುದು ಊರಿಗಿಂತ ಮೊದಲು. ರಾತ್ರಿಯಿಡೀ ಒಂದೊಂದಾಗಿ ಬೋಟು ಅಳಿವೆ ದಾಟಿ ಒಳಗೆ ಬರುತ್ತದೆ. ಆಳ ಸಮುದ್ರಕ್ಕೆ ಹೋದ ಟ್ರಾಲ್ ಬೋಟಾದರೆ ಹತ್ತು ದಿನದ ಮೇಲೆ ಬಂದದ್ದಿರಬಹುದು, ಪರ್ಸೀನ್ ಆದರೆ ಹಿಂದಿನ ದಿನ ಹೋದದ್ದು. ಬೋಟು ದಕ್ಕೆಗೆ ತಾಗಿದ ಕೂಡಲೇ ಕಲಾಸಿಗಳು ಒಳಗಿನ ಐಸಿನಿಂದ ಮೀನು ತೆಗೆದು ಬುಟ್ಟಿಗೆ ಸುರಿಯುತ್ತಾರೆ. ಬುಟ್ಟಿ ಕೈಯಿಂದ ಕೈಗೆ ಮೇಲೆ ಬರುತ್ತದೆ. ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಯಲ್ಲಿ, ನಮ್ಮವರ ಬಾಯಿಯಲ್ಲಿ 'ಬೆಲಿಯೆ ಪಳ್ಳಿ'ಯಲ್ಲಿ, ಸುಬಹಿ ಬಾಂಗ್ ಆಗುವ ಹೊತ್ತಿಗೆ ದಕ್ಕೆಯ ಮೇಲೆ ಏಲಂ ಕೂಗು ಜೋರಾಗಿರುತ್ತದೆ. ಕೂಗುವವನ ಮಾತು ಹೊಸಬರಿಗೆ ಒಂದೂ ಅರ್ಥವಾಗುವುದಿಲ್ಲ. ಒಬ್ಬ ಗಲ್ಲ ತುರಿಸಿಕೊಂಡರೆ ಅಂಜಲ್ ಅವನ ಹೆಸರಿಗೆ ಹೋಗಿಬಿಟ್ಟಿತೇನೋ ಎಂದು ನೋಡುವವರಿಗೆ ಹೆದರಿಕೆ.

ಸಣ್ಣ ಸಣ್ಣ ಸಂಗತಿಗಳು ಅಲ್ಲಿ ನಡೆಯುತ್ತಲೇ ಇರುತ್ತವೆ. ಬುಟ್ಟಿಯಿಂದ ಜಾರಿ ಬಿದ್ದ ಬೂತಾಯಿಗೆ ಬೆಕ್ಕೂ ಗಿಡುಗವೂ ಒಟ್ಟಿಗೆ ಹಾರುತ್ತವೆ. ಹೆಚ್ಚಿನ ಸಲ ಗೆಲ್ಲುವುದು ಗಿಡುಗ. ಮೀನು ಆರಿಸುವ ಮೊಗವೀರ ಹೆಂಗಸರು ಬಂಗುಡೆ ಬೇರೆ, ಬೊಂಡಾಸ ಬೇರೆ, ನಂಗ್ ಬೇರೆ ಎಂದು ಎಷ್ಟು ಬೇಗ ವಿಂಗಡಿಸುತ್ತಾರೆಂದರೆ ನಮ್ಮ ಕಣ್ಣು ಅವರ ಕೈಯ ಹಿಂದೆ ಬೀಳುತ್ತದೆ. ತಿನ್ನಲು ಬಾರದ ಚಿಲ್ಲರೆ ಮೀನು ಫಿಶ್‌ಮೀಲ್ ಫ್ಯಾಕ್ಟರಿಗೆ. ಚಾ ಮಾರುವವನು ಕೆಟಲ್ ಹಿಡಿದುಕೊಂಡು ಏಲಂ ನಡುವೆಯೇ ತೂರುತ್ತಾನೆ, ಅವನದ್ದೂ ಲೆಕ್ಕ ಬರೆಯುವ ವ್ಯವಹಾರ. ಒಂದು ಮೂಲೆಯಲ್ಲಿ ಬಲೆ ಹೆಣೆಯುವವರು ಕಾಲಿನ ಹೆಬ್ಬೆರಳಿಗೆ ನೂಲು ಸಿಕ್ಕಿಸಿಕೊಂಡು ಕೂತಿರುತ್ತಾರೆ. ತೆಲುಗು, ತಮಿಳು, ಒಡಿಯಾ ಮಾತಾಡುವ ಕಲಾಸಿಗಳು ಊರಿಗೆ ಫೋನ್ ಮಾಡುತ್ತಿರುತ್ತಾರೆ. ಆಚೆ ಕಡವಿನಲ್ಲಿ ಬೆಂಗ್ರೆಯ ದೋಣಿ ಅಕ್ಕಿ ಮೂಟೆ, ಶಾಲೆ ಮಕ್ಕಳು, ಸ್ಕೂಟರು ಎಲ್ಲ ಹತ್ತಿಸಿಕೊಂಡು ಹೊರಡುತ್ತದೆ. ದೋಣಿಯಲ್ಲಾದರೆ ಕೆಲವು ನಿಮಿಷ. ರಸ್ತೆಯಲ್ಲಿ ಹೋಗುತ್ತೇನೆಂದರೆ ಕೂಳೂರು ಸುತ್ತಿ ತಣ್ಣೀರುಬಾವಿ ದಾರಿ ಹಿಡಿಯಬೇಕು. ಕಸಬಾ ಬೆಂಗ್ರೆಯಲ್ಲಿ ನಮ್ಮವರ ಮನೆಗಳು, ತೋಟ ಬೆಂಗ್ರೆಯಲ್ಲಿ ಮೊಗವೀರರ ಮನೆಗಳು. ಎರಡೂ ಕಡೆಯವರ ಅನ್ನ ಇದೇ ನೀರಿನಲ್ಲಿ.

ಇದೆಲ್ಲ ನೋಡಲಿಕ್ಕೆ ಚಂದ, ದುಡಿಯುವವರಿಗೆ ಹಾಗಲ್ಲ. 2020ರ ನವೆಂಬರ್ ಕೊನೆಯಲ್ಲಿ ಇದೇ ಮಂಗಳೂರಿನಿಂದ ಹೋಗಿದ್ದ 'ಶ್ರೀ ರಕ್ಷಾ' ಎಂಬ ಪರ್ಸೀನ್ ಬೋಟು ಮೀನಿನ ಭಾರದೊಂದಿಗೆ ಮರಳುವಾಗ ಮಗುಚಿತು. ಆರು ಮಂದಿ ಜೀವಂತ ಬರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ'ದ ಏಳು ಮಂದಿ ವಾಪಸಾಗಲೇ ಇಲ್ಲ. ಮೀನಿನ ರೇಟಿಗೆ ಚೌಕಾಶಿ ಮಾಡಬಾರದು ಎಂದಲ್ಲ, ಮಾಡಿ. ಆ ರೇಟಿನೊಳಗೆ ಇದೂ ಸೇರಿದೆ ಎಂಬುದು ಗೊತ್ತಿರಲಿ.

ಈಗ ಹಣದ ದಾರಿ ನೋಡುವ. ಬೋಟಿನ ಮಾಲಕ ಡೀಸೆಲ್, ಐಸ್, ರೇಷನ್ನಿಗೆ ಹಾಕಿದ್ದು ಮೊದಲು ಕಳೆಯುತ್ತದೆ. ಉಳಿದದ್ದರಲ್ಲಿ ಮಾಲಕನಿಗೆ ಇಷ್ಟು, ತಾಂಡೇಲನಿಗೆ ಇಷ್ಟು, ಕಲಾಸಿಗಳಿಗೆ ಇಷ್ಟು ಎಂದು ಪಾಲು. ಮೀನು ಕಡಿಮೆ ಬಿದ್ದರೆ ಪಾಲೂ ಕಡಿಮೆ. ಏಲಂನಲ್ಲಿ ಹಿಡಿದವನು ಎಲ್ಲವನ್ನೂ ಅಲ್ಲಿಯೇ ನಗದು ಕೊಟ್ಟು ಹಿಡಿಯುವುದಲ್ಲ, ಅವನಿಗೂ ಕೆಲವು ದಿನದ ಅವಧಿ ಇರುತ್ತದೆ. ಅವನಿಂದ ಘಟ್ಟದ ಮೇಲಿನ ಸಗಟಿನವನಿಗೆ, ಅವನಿಂದ ನಮ್ಮೂರಿನ ಸಣ್ಣ ಅಂಗಡಿಯವನಿಗೆ, ಅಲ್ಲಿಂದ ನಮ್ಮ ಅಡುಗೆ ಮನೆಗೆ. ಮೀನು ಹೇಗೆ ಕೈಯಿಂದ ಕೈಗೆ ಬರುತ್ತದೋ ಸಾಲವೂ ಹಾಗೆಯೇ ಬರುತ್ತದೆ. ವ್ಯತ್ಯಾಸ ಏನೆಂದರೆ ಮೀನು ಒಂದು ರಾತ್ರಿಯಲ್ಲಿ ಘಟ್ಟ ಹತ್ತುತ್ತದೆ, ದುಡ್ಡು ಇಳಿದು ಹೋಗಲು ತಿಂಗಳು ಹಿಡಿಯುತ್ತದೆ. ಒಮ್ಮೊಮ್ಮೆ ಇಳಿಯುವುದೇ ಇಲ್ಲ.

ಆ ರಾತ್ರಿಯ ದಾರಿಯೂ ಸುಲಭದ್ದಲ್ಲ. ಆಗುಂಬೆ ತಿರುವುಗಳಲ್ಲಿ ಭಾರದ ಲಾರಿ ಹತ್ತುವ ಹಾಗಿಲ್ಲ. ದೊಡ್ಡ ಗಾಡಿಗಳು ಹುಲಿಕಲ್ ಬಾಳೆಬರೆ ಘಾಟಿಯಲ್ಲೋ ಬೇರೆ ದಾರಿಯಲ್ಲೋ ಹತ್ತಬೇಕು. ಶಿವಮೊಗ್ಗಕ್ಕೆ ಬಂದರೆ ನ್ಯಾಮತಿ, ಹೊನ್ನಾಳಿಗೆ ಒಂದು ಕಡೆ, ಚನ್ನಗಿರಿಗೆ ಇನ್ನೊಂದು ಕಡೆ. ಜಗಳೂರು ಕೊನೆ. ದಾವಣಗೆರೆಯನ್ನೂ ದಾಟಿ ಬಯಲು ಸೀಮೆಯ ಬಿಸಿಲಿನಲ್ಲಿ ಹೋಗಬೇಕು. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಎಂಬುದು ದಕ್ಕೆಯ ಸಾಮಾನ್ಯ ಲೆಕ್ಕ. ಏಪ್ರಿಲ್ ಮೇ ಬಿಸಿಲಿಗೆ ಆ ಲೆಕ್ಕ ನಿಲ್ಲುವುದಿಲ್ಲ, ದಾರಿಯಲ್ಲಿ ಮತ್ತೆ ಐಸ್ ಹಾಕಲೇಬೇಕು. ಪೆಟ್ಟಿಗೆ ತೆರೆದಾಗ ಮೇಲಿನ ಸಾಲಿನ ಮೀನು ಮೆತ್ತಗಾಗಿದ್ದರೆ ಆ ನಷ್ಟ ಅಂಗಡಿಯವನದೇ. ಮಧ್ಯಾಹ್ನದವರೆಗೆ ಮಾರಿಹೋಗದೆ ಉಳಿದದ್ದೂ ಅವನದೇ. ಸಂಜೆ ಹೊತ್ತಿಗೆ "ತಗೊಂಡು ಹೋಗಿ ಉಮ್ಮಾ, ಆಮೇಲೆ ಕೊಡಿ" ಎಂದು ಅವನು ಹೇಳುವುದು ಪೂರ್ತಿ ಧಾರಾಳತನದಿಂದ ಅಲ್ಲ. ನಾಳೆಗೆ ಅದು ಮೀನಾಗಿ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತು. ನಾವು ಮಾತ್ರ ಆ 'ಆಮೇಲೆ'ಯನ್ನು ಹಿಡಿದುಕೊಂಡುಬಿಡುತ್ತೇವೆ.

ಹಾಗೆಂದು ಅವನ ಬಾಕಿಯನ್ನು ತಡ ಮಾಡುವವರು ಬಡವರು ಎಂದುಕೊಳ್ಳಬೇಡಿ. ಕೂಲಿ ಮಾಡುವ ಮನೆಯವರು ಶನಿವಾರ ಬಟವಾಡೆ ಸಿಕ್ಕಿದ ಕೂಡಲೇ ಐವತ್ತು ನೂರು ಕೊಟ್ಟು ಗೆರೆ ಎಳೆಸಿಕೊಂಡು ಹೋಗುತ್ತಾರೆ. ಉಳಿಯುವುದು ದೊಡ್ಡ ಮನೆಗಳದ್ದು, ಹೋಟೆಲುಗಳದ್ದು, ಮದುವೆ ಅಡುಗೆಯ ಕಂಟ್ರಾಕ್ಟಿನವರದ್ದು. ಏಪ್ರಿಲ್ ಮೇ ಮದುವೆಯ ಸೀಸನ್. ಅಂಜಲ್ ಫ್ರೈ ಇಲ್ಲದೆ ಮದುವೆ ಆಗುವುದಿಲ್ಲ ಎನ್ನುವ ಹಾಗಾಗಿದೆ. ಹಾಲ್‌ಗೆ ಮುಂಗಡ, ಫೋಟೋದವರಿಗೆ ಮುಂಗಡ, ಚಿನ್ನಕ್ಕೆ ನಗದು. ಮೀನಿನವನಿಗೆ? "ಅವನು ನಮ್ಮವನೇ ಅಲ್ವಾ, ನೋಡುವ." ನಮ್ಮವನು ಎಂಬ ಮಾತನ್ನು ಇದಕ್ಕಿಂತ ದುಬಾರಿಯಾಗಿ ಬಳಸಲು ಆಗುವುದಿಲ್ಲ.

ಈಗ ಜೂನಿನ ವಿಷಯ. ಪೂರ್ವ ಕರಾವಳಿಯಲ್ಲಿ, ಅಂದರೆ ತಮಿಳುನಾಡು ಆಂಧ್ರದ ಕಡೆ, ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ನಮ್ಮ ಕಡೆ ಜೂನ್ 1ರಿಂದ. ಹೀಗಾಗಿ ಜೂನ್ ಮೊದಲ ಎರಡು ವಾರ ಎರಡೂ ಕಡಲಲ್ಲಿ ಯಾಂತ್ರಿಕ ಬೋಟು ಇಲ್ಲ. ಸಣ್ಣ ಮೋಟಾರಿನ ನಾಡದೋಣಿಗಳಿಗೆ ಅವಕಾಶ ಉಂಟು, ಆದರೆ ಮಳೆಗಾಲದ ಕಡಲಿನಲ್ಲಿ ಅವರು ಹೋಗುವುದೇ ಕೆಲವು ದಿನ. ಆ ಮೀನು ದಕ್ಕೆ ದಾಟುವ ಮೊದಲೇ ಮುಗಿಯುತ್ತದೆ. ವರ್ಷದಲ್ಲಿ ಮೀನು ಅತಿ ಕಷ್ಟದ ಹದಿನಾಲ್ಕು ದಿನ ಅವು. ಜೂನ್ 15ರ ಮೇಲೆ ಆಚೆ ಕಡಲಿನ ಮೀನು ಬರಲು ಶುರುವಾಗುತ್ತದೆ. ದೂರದಿಂದ ಬಂದದ್ದು, ರೇಟು ಜಾಸ್ತಿ, ತಾಜಾತನ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ ಹೇಳಿಯೇ ಮುಂದೆ ಹೋಗುವುದು ಒಳ್ಳೆಯದು. 2018ರ ಜೂನಿನಲ್ಲಿ ಕೇರಳದಲ್ಲಿ ಫಾರ್ಮಾಲಿನ್ ಹಾಕಿದ ಮೀನು ಲೋಡುಗಟ್ಟಲೆ ಸಿಕ್ಕಿಬಿದ್ದದ್ದು ಹಲವರಿಗೆ ನೆನಪಿರಬಹುದು. ಅದು ಸಿಕ್ಕಿದ್ದು ಇದೇ ನಿಷೇಧದ ದಿನಗಳಲ್ಲಿ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೆಯಬೇಕು, ಒಳಗೆ ಕುಸಿದಿರಬಾರದು. ಬೆರಳಿನಿಂದ ಒತ್ತಿದರೆ ಗುಂಡಿ ತುಂಬಿಕೊಳ್ಳಬೇಕು. ಮೀನಿಗೆ ಮೀನಿನ ವಾಸನೆಯೇ ಇಲ್ಲ, ನೊಣವೂ ಹತ್ತಿರ ಬರುವುದಿಲ್ಲ ಎಂದಾದರೆ ಖುಷಿಪಡಬೇಡಿ, ಸಂಶಯಪಡಿ. ಕೇಳಿ ನೋಡಿ ಕೊಳ್ಳುವುದರಿಂದ ನಮ್ಮ ಅಂಗಡಿಯವನಿಗೆ ಅವಮಾನವಾಗುವುದಿಲ್ಲ. ಅವನೂ ಪೆಟ್ಟಿಗೆ ಇಳಿಸುವಾಗ ಹಾಗೆಯೇ ನೋಡಿ ಇಳಿಸುತ್ತಾನೆ.

ನಿಷೇಧವೇ ತಪ್ಪು ಎಂದು ನಾವು ಹೇಳುವುದಿಲ್ಲ. ಬಂಗುಡೆ, ಬೂತಾಯಿಯಂಥ ಮೀನುಗಳು ಮೊಟ್ಟೆ ಇಡುವ ಕಾಲ ಅದು. ಆ ಎರಡು ತಿಂಗಳೂ ಬಲೆ ಎಳೆದರೆ ಮುಂದಿನ ವರ್ಷ ಎಳೆಯಲು ಏನೂ ಇರುವುದಿಲ್ಲ. ಕಡಲೂ ಆಗ ಮನುಷ್ಯ ಹೋಗುವ ಹಾಗಿರುವುದಿಲ್ಲ. ನಮ್ಮ ತಕರಾರು ಬೇರೆ. ನಿಷೇಧದ ಅವಧಿಗೆ ಸರ್ಕಾರದ ಉಳಿತಾಯ ಮತ್ತು ಪರಿಹಾರ ಯೋಜನೆ ಉಂಟು. ಮೀನುಗಾರ ತನ್ನ ಪಾಲು 1,500 ರೂಪಾಯಿ ಕಟ್ಟಿದರೆ ಕೇಂದ್ರ ಮತ್ತು ರಾಜ್ಯ ಸೇರಿ 3,000 ಹಾಕಿ ಒಟ್ಟು 4,500 ರೂಪಾಯಿ ಕೊಡುತ್ತವೆ. ಎರಡು ತಿಂಗಳ ಮನೆ ಖರ್ಚಿಗೆ ಇದು ಎಲ್ಲಿಗೂ ಸಾಲದು ಎಂಬುದು ಒಂದು ಮಾತು. ಅದು ಸಿಗಬೇಕಾದರೂ ಬಿಪಿಎಲ್ ಕುಟುಂಬದ, ಸಹಕಾರ ಸಂಘದ ಸದಸ್ಯನಾದ, ಮೀನು ಹಿಡಿಯುವ ಕಸುಬಿನವನೇ ಆಗಿರಬೇಕು. ಬುಟ್ಟಿ ಹೊರುವವನು ಮೀನುಗಾರನಲ್ಲ. ಐಸ್ ಪುಡಿ ಮಾಡುವವನು ಮೀನುಗಾರನಲ್ಲ. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಒತ್ತುತ್ತಾ ಹಳ್ಳಿ ಹಳ್ಳಿ ಸುತ್ತುವ ನಮ್ಮ ಬ್ಯಾರಿಗಳು ಮೀನುಗಾರರಲ್ಲ. ಇನ್ನು ಹೊನ್ನಾಳಿಯಲ್ಲಿ, ಜಗಳೂರಿನಲ್ಲಿ ನಾಲ್ಕು ಪೆಟ್ಟಿಗೆ ಇಟ್ಟುಕೊಂಡು ಕೂತವನು ಯಾವ ಕಾಗದದಲ್ಲಿಯೂ ಇಲ್ಲ. ದಕ್ಕೆ ನಿಂತರೆ ಇವರೆಲ್ಲರ ಕೆಲಸವೂ ಅದೇ ದಿನ ನಿಲ್ಲುತ್ತದೆ. ಇವರಿಗಾಗಿ ಬೇರೆ ಪಟ್ಟಿ ಮಾಡಿ ಎಂದು ಸರ್ಕಾರವನ್ನು ಕೇಳಲೇಬೇಕು, ನಮ್ಮ ಸಂಘಟನೆಗಳು ಕೇಳಲಿ. ಜಮಾಅತ್ ಕಮಿಟಿಗಳು ಮಳೆಗಾಲದ ಕಿಟ್ ಹಂಚುವಾಗ "ಅವನದು ಅಂಗಡಿ ಉಂಟಲ್ಲ" ಎಂದು ಇವರ ಹೆಸರು ಬಿಡದಿರಲಿ. ಅಂಗಡಿ ಉಂಟು, ಮೀನಿಲ್ಲ.

ಸರ್ಕಾರ ಕೇಳುವುದಕ್ಕೆ ಹೊತ್ತು ಬೇಕು. ಬಾಕಿ ಕೊಡಲಿಕ್ಕೆ ಬೇಡ.

ಯಾಕೆ ಈಗಲೇ ಎಂದರೆ, ಆಗಸ್ಟ್ ಮೊದಲ ವಾರದಲ್ಲಿ ಬೋಟು ಮತ್ತೆ ಇಳಿಯುತ್ತದೆ. ಸೀಸನ್ ಶುರುವಿನಲ್ಲಿ ದಕ್ಕೆಯ ಏಜೆಂಟರು ಹಳೆ ಲೆಕ್ಕ ತೀರಿಸಿದವರಿಗೆ ಮೊದಲು ಮಾಲು ಕಳಿಸುತ್ತಾರೆ. ಅದರಲ್ಲಿ ಅನ್ಯಾಯವೇನೂ ಇಲ್ಲ, ಅವರ ಮೇಲೂ ಬೋಟಿನವರ ಒತ್ತಡ ಇರುತ್ತದೆ. ಹೊನ್ನಾಳಿಯ ಅಂಗಡಿಯವನ ಹೆಸರಿನಲ್ಲಿ ಮೇ ತಿಂಗಳ ಬಾಕಿ ಹಾಗೆಯೇ ಇದ್ದರೆ ಅವನ ಪೆಟ್ಟಿಗೆ ಬೇರೆಯವನಿಗೆ ಹೋಗುತ್ತದೆ. ಅವನು ಬಡ್ಡಿಗೆ ತಂದು ಕಟ್ಟಬೇಕು, ಇಲ್ಲವಾದರೆ ಆ ಸೀಸನ್ನಿಗೆ ಅಂಗಡಿ ಬಾಗಿಲು ಹಾಕಬೇಕು. ಆ ಬಾಕಿ ಎಂದರೆ ಏನು? ನಮ್ಮ ಮನೆಯ ಎಂಟುನೂರು, ಪಕ್ಕದ ಮನೆಯ ಸಾವಿರದ ಇನ್ನೂರು, ಒಂದು ಮದುವೆಯ ಅಂಜಲ್. ನಮಗೆ ಸಣ್ಣ ಮೊತ್ತ. ಇಂಥ ಇಪ್ಪತ್ತು ಮನೆ ಸೇರಿದರೆ ಅವನ ವರ್ಷ.

ಎರಡು ತಿಂಗಳು ಅವನು ಕೂತಿರುವುದೂ ಇಲ್ಲ. ಮೇ ತಿಂಗಳಲ್ಲೇ ಒಣಮೀನು ತಂದಿಟ್ಟುಕೊಂಡಿರುತ್ತಾನೆ. ಕರಾವಳಿಯ ಬಿಸಿಲಿಗೆ ಒಣಗಿಸಿ ಬಂದರಿನ ಒಣಮೀನು ಅಂಗಡಿಗಳ ಮೂಲಕ ಬರುವ ಸಿಗಡಿ, ಕೊಲ್ಲತ್ತರು, ತೊರಕೆ. ನಮ್ಮ ಉಮ್ಮಂದಿರು ಮಳೆಗಾಲ ಕಳೆದದ್ದೇ ಇದರಲ್ಲಿ: ಕೆಂಡದಲ್ಲಿ ಸುಟ್ಟ ಒಣಮೀನು, ತೆಂಗಿನಕಾಯಿ, ಒಣಮೆಣಸು, ಹುಳಿ ಹಾಕಿ ಅರೆದ ಚಟ್ನಿ, ಕುಚ್ಚಲಕ್ಕಿ ಗಂಜಿ. ಈಗಿನ ಮಕ್ಕಳು ಮೂಗು ಮುಚ್ಚುತ್ತಾರೆ ಎನ್ನುವವರು ಒಮ್ಮೆ ಸಿಗಡಿ ಚಟ್ನಿಯಿಂದ ಶುರು ಮಾಡಿ ನೋಡಲಿ.

ಕೆರೆ ಮೀನಿನ ವಿಷಯವೂ ಹಾಗೆಯೇ. ಚನ್ನಗಿರಿ ತಾಲೂಕಿನ ಸೂಳೆಕೆರೆ, ಶಾಂತಿಸಾಗರ, ನಮ್ಮ ಬಾಗಿಲಲ್ಲೇ ಇರುವ ಸಮುದ್ರ. ಹೊನ್ನಾಳಿಯ ಪಕ್ಕದಲ್ಲೇ ತುಂಗಭದ್ರೆ. ಜಗಳೂರಿನ ಒಣಗಿದ ಕೆರೆಗಳಿಗೂ ಈಗ ಪೈಪಿನಲ್ಲಿ ಹೊಳೆ ನೀರು ತುಂಬಿಸುತ್ತಿದ್ದಾರೆ. ಕಾಟ್ಲಾ, ರೋಹು ಇಲ್ಲೇ ಸಿಗುತ್ತದೆ. ಆದರೂ ನಮ್ಮಲ್ಲಿ ಒಂದು ಬಿಗುಮಾನ: "ಕೆರೆ ಮೀನಾ? ಮಣ್ಣು ವಾಸನೆ." ಉಪ್ಪು, ಅರಿಶಿನ, ಹುಳಿ ನೀರು ಹಾಕಿ ಸ್ವಲ್ಪ ಹೊತ್ತು ಇಟ್ಟು ತೊಳೆದರೆ ಆ ವಾಸನೆ ಹೋಗುತ್ತದೆ, ಮಸಾಲೆಗೆ ಕಾಳುಮೆಣಸು ಸ್ವಲ್ಪ ಜಾಸ್ತಿ ಬೀಳಲಿ. ಬಂಗುಡೆಯ ರುಚಿ ಬರುವುದಿಲ್ಲ, ಒಪ್ಪಿದೆವು. ಆದರೆ ಹತ್ತು ದಿನ ಹಳೆಯ, ಎಲ್ಲಿಂದಲೋ ಬಂದ ಅಂಜಲ್‌ಗಿಂತ ಬೆಳಿಗ್ಗೆ ಕೆರೆಯಿಂದ ತೆಗೆದ ರೋಹು ಹೊಟ್ಟೆಗೆ ಒಳ್ಳೆಯದು. ಅದನ್ನು ತಂದು ಮಾರುವವನೂ ನಮ್ಮ ಅದೇ ಅಂಗಡಿಯವನೇ. ಅವನ ಪೆಟ್ಟಿಗೆ ಖಾಲಿಯಾಗದಿರಲು ಸಮುದ್ರವೇ ಬೇಕೆಂದಿಲ್ಲ, ಕೊಳ್ಳುವವರು ಬೇಕು.

ಹೋಟೆಲು ನಡೆಸುವ ನಮ್ಮ ಓದುಗರಿಗೆ ಒಂದು ಮಾತು ಬೇರೆಯೇ ಹೇಳಬೇಕು. ನಿಮ್ಮಲ್ಲಿ ಗಿರಾಕಿ ಮೀನೂಟ ಮುಗಿಸಿ ಎದ್ದಾಗಲೇ ಕ್ಯಾಶ್ ಕೊಟ್ಟು ಹೋಗುತ್ತಾನೆ. ಆ ಮೀನಿನ ದುಡ್ಡು ಮೂರು ತಿಂಗಳು ನಿಮ್ಮ ಗಲ್ಲಾಪೆಟ್ಟಿಗೆಯಲ್ಲಿ ಉಳಿಯುವುದಕ್ಕೆ ಯಾವ ಕಾರಣವೂ ಇಲ್ಲ. ಪೂರ್ತಿ ಆಗದಿದ್ದರೆ ಅರ್ಧ ಮೇ ಕೊನೆಗೆ, ಉಳಿದ ಅರ್ಧ ಜೂನ್ ಮಧ್ಯಕ್ಕೆ ಎಂದು ದಿನಾಂಕ ಹೇಳಿ. ದಿನಾಂಕ ಹೇಳಿದರೆ ಅವನೂ ಮಂಗಳೂರಿಗೆ ಫೋನ್ ಮಾಡಿ ಅದೇ ದಿನಾಂಕ ಹೇಳಬಹುದು.

ಮನೆಯವರು ಈ ಶುಕ್ರವಾರ ಜುಮಾ ಮುಗಿಸಿ ಬರುವಾಗ ಅಂಗಡಿ ಕಡೆ ಒಮ್ಮೆ ತಿರುಗಿ, ಪುಸ್ತಕ ತೆಗೆಸಿ ನೋಡಿ. ಮೊತ್ತ ಜಾಸ್ತಿ ಬರೆದಿದೆ ಎಂದು ಅನಿಸಿದರೆ ಅಲ್ಲಿಯೇ ಕೂತು ಬಿಡಿಸಿಕೊಳ್ಳಿ, ಯಾವ ದಿನ ಯಾವ ಮೀನು ಎಂದು. ಈಗಾದರೆ ಇಬ್ಬರಿಗೂ ನೆನಪಿರುತ್ತದೆ. ಜುಲೈಗೆ ಅವನಿಗೂ ಇರುವುದಿಲ್ಲ, ನಿಮಗೂ ಇರುವುದಿಲ್ಲ.